ಅಪ್ಪ ಮೊದಲ ಸಲ ‘ಕೊಡಲ್ಲ’ ಅಂದಾಗ

1997ರ ಜನವರಿ. ನನಗೆ ಹನ್ನೊಂದು ವರ್ಷ. ಮೂಡಿಗೆರೆ ಕಡೆಯ ನಮ್ಮ ಮನೆ ಮುಂದಿನ ಕಣದಲ್ಲಿ ಪಾರ್ಚ್‌ಮೆಂಟ್ ಒಣಗುತ್ತಿತ್ತು. ಗೊತ್ತಿಲ್ಲದವರಿಗೆ ಹೇಳಬೇಕಂದರೆ, ಹಣ್ಣಿನ ಸಿಪ್ಪೆ ತೆಗೆದು, ತೊಳೆದು ಒಣಗಿಸಿದ ಕಾಫಿ ಅದು. ಬೀಜದ ಮೇಲೆ ಹೊಟ್ಟಿನಂಥ ತೆಳು ಹೊದಿಕೆ ಇನ್ನೂ ಇರುತ್ತದೆ. ನಾನು ಅದನ್ನು ಹಲಗೆಯಲ್ಲಿ ತಿರುವಿ ಹಾಕುತ್ತಿದ್ದೆ. ಪೇಟೆಯಿಂದ ಒಬ್ಬ ವ್ಯಾಪಾರಿ ಜೀಪಿನಲ್ಲಿ ಬಂದರು. ಚಪ್ಪಲಿ ಬಿಟ್ಟು ಕಣದೊಳಗೆ ಇಳಿದರು. ಒಂದು ಹಿಡಿ ಕಾಫಿ ಎತ್ತಿಕೊಂಡು, ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಒಂದು ಬೀಜವನ್ನು ಹಲ್ಲಿನಲ್ಲಿ ಕಚ್ಚಿ ನೋಡಿದರು. ಆಮೇಲೆ ಒಂದು ರೇಟು ಹೇಳಿದರು.

ಅಪ್ಪ ಸ್ವಲ್ಪ ಹೊತ್ತು ಸುಮ್ಮನೆ ನಿಂತರು. "ಇಲ್ಲ, ಆ ರೇಟಿಗೆ ಕೊಡಲ್ಲ" ಅಂದರು.

ಅಷ್ಟೇ ಆಗಿದ್ದು. ವ್ಯಾಪಾರಿಗೆ ಬೇಜಾರೇನೂ ಆಗಲಿಲ್ಲ. ಜಗಲಿಯಲ್ಲಿ ಕೂತು ಕಾಫಿ ಕುಡಿದು, "ಯೋಚ್ನೆ ಮಾಡಿ ಗೌಡ್ರೇ, ಮುಂದಿನ ವಾರ ಈ ಕಡೆ ಬರ್ತೀನಿ" ಅಂತ ಹೇಳಿ ಹೋದರು. ಜೀಪಿನ ಸದ್ದು ಮರೆಯಾಗುವವರೆಗೆ ತಡೆದುಕೊಂಡಿದ್ದ ಅಜ್ಜಿ ಆಮೇಲೆ ಶುರು ಮಾಡಿದರು. "ಮನೆ ಬಾಗ್ಲಿಗೆ ಬಂದವ್ರನ್ನ ಬರಿಗೈಲಿ ಕಳಿಸ್ತಾರೇನೋ? ನಾಳೆ ಮಳೆ ಬಂದ್ರೆ ಏನ್ ಮಾಡ್ತೀಯ?" ಅಪ್ಪ ಉತ್ತರ ಕೊಡಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ಕಣದ ಸುತ್ತ ಎರಡು ಸುತ್ತು ಹಾಕಿದರು. ಅಪ್ಪ ಶಿಳ್ಳೆ ಹಾಕಿದ್ದನ್ನು ನಾನು ಮೊದಲ ಸಲ ಕೇಳಿದ್ದು ಅವತ್ತು.

ಆ ಶಿಳ್ಳೆ ಯಾಕೆ ಅಂತ ನನಗೆ ಅರ್ಥವಾಗೋಕೆ ತುಂಬಾ ವರ್ಷ ಬೇಕಾಯಿತು. ಬೆಂಗಳೂರಿಗೆ ಬಂದು, ಕೆಲಸಕ್ಕೆ ಸೇರಿ, ಗೆಳೆಯರ ಜೊತೆ ರಾತ್ರಿ ಒಂದು ಗಂಟೆವರೆಗೆ ಬಂಡವಾಳಶಾಹಿ ಸರಿಯೋ ತಪ್ಪೋ ಅಂತ ಕೂಗಾಡುವ ವಯಸ್ಸು ಬಂದಾಗ, ನಾನು ಹೇಳಬೇಕಾದ್ದನ್ನೆಲ್ಲ ಅಪ್ಪ ಅವತ್ತೇ ಎರಡು ಮಾತಲ್ಲಿ ಹೇಳಿಬಿಟ್ಟಿದ್ದರು ಅನ್ನಿಸಿತು.

ವಿಷಯ ಏನಂದರೆ, ಆ ‘ಕೊಡಲ್ಲ’ವನ್ನು ನಮ್ಮ ಅಜ್ಜ ತಮ್ಮ ಜೀವಮಾನದ ಹೆಚ್ಚಿನ ಭಾಗ ಹೇಳುವ ಹಾಗೇ ಇರಲಿಲ್ಲ. ಎರಡನೇ ಮಹಾಯುದ್ಧ ಶುರುವಾದಾಗ ಯುರೋಪಿನ ಮಾರುಕಟ್ಟೆ ಮುಚ್ಚಿಹೋಯಿತು. ಹಡಗಿಲ್ಲ, ಕೊಳ್ಳುವವರಿಲ್ಲ. ಕಾಫಿ ಬೆಳೆಗಾರರು ನಿಜಕ್ಕೂ ಮುಳುಗುತ್ತಿದ್ದರು. ಸರ್ಕಾರ 1940ರಲ್ಲಿ ಒಂದು ಸುಗ್ರೀವಾಜ್ಞೆ ತಂದು, 1942ರಲ್ಲಿ ಅದನ್ನು ಕಾಯ್ದೆ ಮಾಡಿತು. ಎಲ್ಲರ ಕಾಫಿಯೂ ಒಂದೇ ರಾಶಿಗೆ, ಅಂದರೆ ಪೂಲ್‌ಗೆ ಬರಬೇಕು, ಕಾಫಿ ಮಂಡಳಿ ಅದನ್ನು ಮಾರಿ ಎಲ್ಲರಿಗೂ ಹಂಚಬೇಕು ಅನ್ನೋದು ಏರ್ಪಾಡು. ಆ ಹೊತ್ತಿಗೆ ಅದು ಒಳ್ಳೆಯ ಕೆಲಸವೇ. ಬೆಳೆಗಾರರೂ ಬೇಕು ಅಂದಿದ್ದರು. ನಾನು ಅದನ್ನು ಅಲ್ಲಗಳೆಯೋದಿಲ್ಲ.

ಯುದ್ಧ 1945ಕ್ಕೆ ಮುಗಿಯಿತು. ಪೂಲ್ ಪೂರ್ತಿಯಾಗಿ ಮುಗಿದದ್ದು 1996ರಲ್ಲಿ.

ನಡುವಿನ ಹೆಚ್ಚಿನ ವರ್ಷಗಳಲ್ಲಿ ಕಾನೂನು ಹೇಳಿದ್ದು ಇದು: ಮನೆ ಬಳಕೆಗೆ, ಬೀಜಕ್ಕೆ ಅಂತ ಒಂದಿಷ್ಟು ಇಟ್ಟುಕೊಂಡು ಉಳಿದದ್ದನ್ನೆಲ್ಲ ಪೂಲ್‌ಗೆ ಹಾಕಬೇಕು. ಬೇರೆ ಯಾರಿಗೂ ಮಾರುವ ಹಾಗಿಲ್ಲ. ಹಾಕಿದಾಗ ಒಂದಿಷ್ಟು ಮುಂಗಡ ಬರುತ್ತಿತ್ತು. ಉಳಿದದ್ದು ಕಾಫಿ ಮಾರಾಟವಾದ ಹಾಗೆ ಕಂತುಕಂತಾಗಿ. ಕೊನೇ ಕಂತು ಬರೋ ಹೊತ್ತಿಗೆ ಮುಂದಿನ ಬೆಳೆ ಕುಯ್ಲಿಗೆ ಬಂದಿರುತ್ತಿತ್ತು. ಕಾಫಿಯ ಗ್ರೇಡು ನೋಡಿ ಪಾಯಿಂಟು ಕೊಟ್ಟು, ಅದರ ಪ್ರಕಾರ ದುಡ್ಡು ಹಂಚುತ್ತಿದ್ದರು ನಿಜ. ಆದರೆ ತನ್ನ ಕಾಫಿ ಕಾಯಂಕುಳಕ್ಕೆ ಹೋಯಿತೋ, ಮಾಸ್ಕೋಗೆ ಹೋಯಿತೋ, ಕುಡಿದವರು ಏನಂದರು ಅನ್ನೋದು ಬೆಳೆದವನಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ.

ನಮ್ಮ ಮನೆಯಲ್ಲಿ ಒಂದು ಕಥೆ ಇದೆ. ದೊಡ್ಡತ್ತೆಯ ಮದುವೆ ಖರ್ಚಿಗೆ ಅಂತ ಅಜ್ಜ ಎರಡು ಮೂಟೆ ಕಾಫಿಯನ್ನು ಸೌದೆ ಕೊಟ್ಟಿಗೆಯಲ್ಲಿ ಅಡಗಿಸಿಟ್ಟಿದ್ದರಂತೆ. ಮೇಲೆ ಸಿಲ್ವರ್ ಓಕಿನ ರೆಂಬೆಗಳು, ಅದರ ಮೇಲೆ ಹಳೇ ಗೋಣಿ. ಒಂದು ರಾತ್ರಿ ಯಾರೋ ಪರಿಚಯದವರ ವ್ಯಾನಿನಲ್ಲಿ ಅದು ಘಟ್ಟ ಇಳಿದು ಹೋಯಿತು. ಅಜ್ಜಿ ಅದನ್ನು ಹೇಳುವಾಗೆಲ್ಲ ದನಿ ತಗ್ಗಿಸುತ್ತಿದ್ದರು, ಅಜ್ಜ ಸತ್ತು ಹತ್ತು ವರ್ಷವಾದ ಮೇಲೂ. "ಕಳ್ಳ ಕಾಫಿ ಕಣೋ ಅದು" ಅನ್ನುತ್ತಿದ್ದರು. ಬೇರೆಯವರ ತೋಟಕ್ಕೆ ಒಂದು ದಿನವೂ ಕೈ ಹಾಕದ ಮನುಷ್ಯ ನಮ್ಮಜ್ಜ. ಗಿಡ ನೆಟ್ಟದ್ದು ಅವರು, ಬೋರರ್ ಹುಳ ಬಿದ್ದ ಗಿಡ ಹುಡುಕಿ ಕಿತ್ತು ಸುಟ್ಟದ್ದು ಅವರು, ಹೂಮಳೆಗೆ ಕಾದು ಮಾರ್ಚಿನಲ್ಲಿ ಆಕಾಶ ನೋಡಿ ಕತ್ತು ನೋಯಿಸಿಕೊಂಡದ್ದು ಅವರು. ಕಳ್ಳ ಅನ್ನಿಸಿಕೊಂಡದ್ದೂ ಅವರೇ.

ಇಲ್ಲಿಗೇ ನನ್ನ ಅರ್ಧ ವಾದ ಮುಗಿಯಿತು. ಮುಕ್ತ ಮಾರುಕಟ್ಟೆಯನ್ನು ಸಮರ್ಥಿಸುವವರು ಸಾಮಾನ್ಯವಾಗಿ ಲಾಭದ ಲೆಕ್ಕ ಕೊಡುತ್ತಾರೆ. ಉತ್ಪಾದನೆ ಇಷ್ಟು ಏರಿತು, ರಫ್ತು ಅಷ್ಟು ಏರಿತು, ಬಡತನ ಇಷ್ಟು ಇಳಿಯಿತು. ಅದೆಲ್ಲ ಇರಲಿ, ಬೇಡ ಅನ್ನಲ್ಲ. ಆದರೆ ಎರಡು ಮೂಟೆ ಕಾಫಿಯ ಮಟ್ಟಿಗೆ ನೋಡಿದರೆ ಇದು ಲಾಭದ ಪ್ರಶ್ನೆಯೇ ಅಲ್ಲ. ಒಬ್ಬ ಮನುಷ್ಯ ತಾನು ಬೆಳೆದದ್ದನ್ನು ತನ್ನ ಮಗಳ ಮದುವೆಗೆ ಮಾರೋಕೆ ಕತ್ತಲೆಗೆ ಕಾಯಬೇಕಾ ಅನ್ನೋದು ಪ್ರಶ್ನೆ. ಪೂಲ್‌ನಿಂದ ಅಜ್ಜನಿಗೆ ಜಾಸ್ತಿ ದುಡ್ಡೇ ಸಿಗುತ್ತಿತ್ತು ಅಂತ ಯಾರಾದರೂ ಲೆಕ್ಕ ಹಾಕಿ ತೋರಿಸಿದರೂ, ಕೆಲವು ವರ್ಷ ಹಾಗೆ ಇದ್ದಿರಲೂ ಬಹುದು, ನನ್ನ ಪ್ರಶ್ನೆ ಹಾಗೇ ಉಳಿಯುತ್ತದೆ.

ಇದರ ಬಗ್ಗೆ ಸುಪ್ರೀಂ ಕೋರ್ಟಿನ 1988ರ ಒಂದು ತೀರ್ಪಿದೆ. ಓದಿದಾಗ ನನಗೆ ನಗು ಬಂತು, ಆಮೇಲೆ ನಗು ನಿಂತುಹೋಯಿತು. ಮಂಡಳಿ ಬೆಳೆಗಾರರಿಂದ ಕಾಫಿ ಕೊಳ್ಳುತ್ತದೆ, ಆದ್ದರಿಂದ ಖರೀದಿ ತೆರಿಗೆ ಕಟ್ಟಬೇಕು ಅಂತ ಕರ್ನಾಟಕದ ತೆರಿಗೆ ಇಲಾಖೆ ಕೇಳಿತ್ತು. ಮಂಡಳಿ ಕೋರ್ಟಿನಲ್ಲಿ ಹೇಳಿದ್ದೇನು ಗೊತ್ತಾ? ಇದು ಖರೀದಿಯೇ ಅಲ್ಲ, ಕಾನೂನಿನ ಬಲದಿಂದ ಕಡ್ಡಾಯವಾಗಿ ವಶಕ್ಕೆ ಪಡೆಯೋದು, ಬೆಳೆಗಾರನ ಒಪ್ಪಿಗೆಯ ಮಾತೇ ಇಲ್ಲಿಲ್ಲ, ಹಾಗಾಗಿ ತೆರಿಗೆ ಬರೋದಿಲ್ಲ ಅಂತ. ಕೋರ್ಟು ಒಪ್ಪಲಿಲ್ಲ. ಕಾಫಿ ಬೆಳೆಯಲೇಬೇಕು ಅಂತ ಯಾರೂ ಬಲವಂತ ಮಾಡಿಲ್ಲ, ಬೆಳೆಯೋದು ಬಿಡೋದು ಅವರ ಇಷ್ಟ, ಬೆಳೆದದ್ದಕ್ಕೆ ಬೆಲೆಯೂ ಸಿಗುತ್ತದೆ, ಹಾಗಾಗಿ ಇದರಲ್ಲಿ ಒಪ್ಪಿಗೆಯ ಅಂಶ ಇದೆ, ಇದು ಖರೀದಿಯೇ ಅನ್ನುವ ಅರ್ಥದ ತೀರ್ಪು ಬಂತು. ಕಾನೂನಿನ ಮಟ್ಟಿಗೆ ಸರಿ ಇರಬಹುದು, ನಾನು ವಕೀಲನಲ್ಲ. ಆದರೆ ನೂರು ವರ್ಷದಿಂದ ಕಾಫಿ ಗಿಡ ಇರುವ ಗುಡ್ಡದಲ್ಲಿ ಹುಟ್ಟಿದವನಿಗೆ, ಕೊಡೋಕೆ ಇಷ್ಟ ಇಲ್ಲದಿದ್ದರೆ ಬೆಳೆಯಬೇಡ ಅನ್ನೋದು ಎಂಥ ಒಪ್ಪಿಗೆ?

ಪೂಲ್ ಮುಗಿದ ಕಥೆಯಲ್ಲಿ ದೊಡ್ಡ ಹೋರಾಟವೇನೂ ಇಲ್ಲ. ದೇಶದೇಶಗಳ ನಡುವೆ ಕಾಫಿ ಕೋಟಾ ಹಂಚುತ್ತಿದ್ದ ಅಂತರರಾಷ್ಟ್ರೀಯ ಒಪ್ಪಂದ 1989ರಲ್ಲಿ ಕುಸಿಯಿತು. ನಮ್ಮ ಕಾಫಿಯನ್ನು ರಾಶಿಗಟ್ಟಲೆ ಕೊಳ್ಳುತ್ತಿದ್ದ ಸೋವಿಯತ್ ಒಕ್ಕೂಟ 1991ರಲ್ಲಿ ಇಲ್ಲವಾಯಿತು. ಬೆಳೆಗಾರರ ಒತ್ತಾಯವೂ ಸೇರಿಕೊಂಡಿತು. 1992ರಿಂದ ಸ್ವಲ್ಪಸ್ವಲ್ಪವಾಗಿ ಸ್ವಂತ ಮಾರಾಟಕ್ಕೆ ಬಿಟ್ಟರು, 1996ಕ್ಕೆ ಪೂರ್ತಿ. ಮಂಡಳಿ ಈಗಲೂ ಇದೆ. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ 1925ರಿಂದ ಮಾಡಿಕೊಂಡು ಬಂದ ಕೆಲಸಕ್ಕೆ ನಾವೆಲ್ಲ ಋಣಿ, ನಮ್ಮ ತೋಟದ ಎಸ್ 795 ತಳಿಯ ಗಿಡಗಳೂ ಆ ಸಂಶೋಧನೆಯದ್ದೇ. ಹಾಗಾಗಿ ಸರ್ಕಾರ ಅಂದರೆ ಕೆಟ್ಟದ್ದು ಅಂತ ನಾನು ಇಲ್ಲಿ ಹೇಳ್ತಾ ಇಲ್ಲ. ಗಿಡದ ತಳಿ ಕೊಡೋದು ಬೇರೆ. ಹಣ್ಣು ಯಾರಿಗೆ ಅಂತ ಹೇಳೋದು ಬೇರೆ.

ಒಂದು ಮಾತು ಮಧ್ಯೆ. ಬಾಬಾ ಬುಡನ್ ಯೆಮನ್ನಿನಿಂದ ಏಳು ಬೀಜ ತಂದ ಕಥೆ ನಮ್ಮ ಜಿಲ್ಲೆಯ ಮಕ್ಕಳಿಗೆಲ್ಲ ಬಾಯಿಪಾಠ. ಅರಬರು ಮೊಳಕೆ ಬರುವ ಬೀಜವನ್ನು ಹೊರಗೆ ಬಿಡುತ್ತಿರಲಿಲ್ಲವಂತೆ, ಆ ವ್ಯಾಪಾರ ಅವರ ಕೈಲೇ ಇರಬೇಕಿತ್ತು. ಸಂತ ಬಚ್ಚಿಟ್ಟುಕೊಂಡು ತಂದರು. ನಮ್ಮ ಗಿರಿಯ ಮೊದಲ ಕಾಫಿಯೇ ಅಜ್ಜಿಯ ಭಾಷೆಯಲ್ಲಿ ಕಳ್ಳ ಕಾಫಿ!

ಈಗ ಉಳಿದ ಅರ್ಧ ವಾದ. ಇದು ಅಷ್ಟು ಸುಲಭದ್ದಲ್ಲ.

ಅಪ್ಪ ಅವತ್ತು ‘ಕೊಡಲ್ಲ’ ಅಂದದ್ದು ಫಲಿಸಿತು. 1997ರ ಮೊದಲ ತಿಂಗಳುಗಳಲ್ಲಿ ನಾವು ಬೆಳೆಯುವ ಅರೇಬಿಕಾ ಜಾತಿಯ ಕಾಫಿಯ ಬೆಲೆ ಜೋರಾಗಿ ಏರಿತು. ಮಾರ್ಚಿನಲ್ಲಿ ಮಾರಿದ ದುಡ್ಡಲ್ಲಿ ಮನೆಗೆ ಹೊಸ ಹೆಂಚು ಬಂತು, ನನಗೆ ಸೈಕಲ್ ಬಂತು. ಅಪ್ಪನಿಗೆ ತಾನು ದೊಡ್ಡ ವ್ಯಾಪಾರಸ್ಥ ಅನ್ನುವ ಭ್ರಮೆಯೂ ಬಂತು. ಎರಡು ವರ್ಷ ಬಿಟ್ಟು ಮತ್ತೆ ‘ಕೊಡಲ್ಲ’ ಅಂದರು. ಈ ಸಲ ಬೆಲೆ ಇಳಿಯಿತು. ಏರುತ್ತೆ ಅಂತ ಕಾದರು, ಇನ್ನೂ ಇಳಿಯಿತು. ವಿಯೆಟ್ನಾಂ ಅಷ್ಟರಲ್ಲಿ ರೋಬಸ್ಟಾ ಅನ್ನುವ ಇನ್ನೊಂದು ಜಾತಿಯ ಕಾಫಿಯನ್ನು ರಾಶಿರಾಶಿ ಬೆಳೆಯೋಕೆ ಶುರು ಮಾಡಿತ್ತು, ಜಗತ್ತಿನ ತುಂಬ ಕಾಫಿ ತುಂಬಿಕೊಂಡಿತ್ತು. 2001, 2002ರ ಹೊತ್ತಿಗೆ ಕುಯ್ಲಿನ ಕೂಲಿ ಹುಟ್ಟಿದರೆ ಸಾಕು ಅನ್ನುವ ಸ್ಥಿತಿ. ಮಾಳಿಗೆಯಲ್ಲಿ ಪೇರಿಸಿಟ್ಟ ಮೂಟೆಗಳ ಬಣ್ಣ ಮಾಸಿತು. ಅಮ್ಮನ ಎರಡೆಳೆ ಸರ ಅಡವಿಗೆ ಹೋಯಿತು. ಅದು ವಾಪಸ್ ಬರಲಿಲ್ಲ. ಅಮ್ಮ ಇವತ್ತಿಗೂ ಅದರ ಬಗ್ಗೆ ಮಾತಾಡೋದಿಲ್ಲ, ಮದುವೆ ಮನೆಗಳಲ್ಲಿ ಕತ್ತಿನ ಹತ್ತಿರ ಸೆರಗು ಸರಿ ಮಾಡಿಕೊಳ್ಳುತ್ತಾರೆ.

ಆ ವರ್ಷಗಳಲ್ಲಿ ಊರಲ್ಲಿ ಎಷ್ಟೋ ಜನ "ಪೂಲೇ ಚೆನ್ನಾಗಿತ್ತು" ಅಂದರು. ನಾನು ಕಾಲೇಜಿನಲ್ಲಿದ್ದೆ, ಫೀಸಿಗೆ ಪರದಾಡುತ್ತಿದ್ದೆ, ನನಗೂ ಹಾಗೇ ಅನ್ನಿಸಿತ್ತು. ಒಂದು ದಿನ ಅಪ್ಪನನ್ನು ಕೇಳಿಯೇಬಿಟ್ಟೆ, ವಾಪಸ್ ಪೂಲ್ ಬಂದರೆ ಒಪ್ಕೋತೀರಾ ಅಂತ. ಅಪ್ಪ ಗಿಡಕ್ಕೆ ಕಸಿ ಮಾಡುತ್ತಿದ್ದರು. ಕತ್ತಿ ನಿಲ್ಲಿಸದೆ ಹೇಳಿದರು: "ಇದು ನಾನು ಮಾಡ್ಕಂಡಿದ್ದು. ಅದು ಅವ್ರು ಮಾಡ್ತಿದ್ದದ್ದು."

ಈ ಮಾತಿನಲ್ಲಿ ಜಂಬವೂ ಇದೆ ಅಂತ ನನಗೆ ಗೊತ್ತು. ಅಮ್ಮನ ಸರದ ಲೆಕ್ಕದಲ್ಲಿ ಅಮ್ಮನನ್ನು ಯಾರೂ ಕೇಳಿರಲಿಲ್ಲ, ಅದೂ ಗೊತ್ತು. ಆದರೂ ನಾನು ಅಪ್ಪನ ಕಡೆಗೇ ವಾಲುತ್ತೇನೆ. ತಪ್ಪು ಮಾಡುವ ಹಕ್ಕಿಲ್ಲದೆ ಸರಿ ಮಾಡುವ ಹಕ್ಕೊಂದನ್ನೇ ಕೊಡಿ ಅಂದರೆ ಯಾರು ಕೊಡೋಕಾಗುತ್ತೆ? ಮುಂದಿನ ವರ್ಷಗಳಲ್ಲಿ ಅಪ್ಪ ಕಲಿತರು. ಒಂದೇ ಸಲ ಎಲ್ಲ ಮಾರೋದಿಲ್ಲ, ಎಲ್ಲ ಇಟ್ಟುಕೊಳ್ಳೋದೂ ಇಲ್ಲ. ಮೂರು ಭಾಗ ಮಾಡುತ್ತಾರೆ. ಸಿಲ್ವರ್ ಓಕಿಗೆಲ್ಲ ಮೆಣಸಿನ ಬಳ್ಳಿ ಹಬ್ಬಿಸಿದರು. ಕಾಫಿ ಬಿದ್ದ ವರ್ಷ ಮೆಣಸು ಕೈ ಹಿಡಿಯುತ್ತದೆ. ಇದನ್ನು ಯಾವ ಅಧಿಕಾರಿಯೂ ಬಂದು ಹೇಳಿಕೊಡಲಿಲ್ಲ, ಪೆಟ್ಟು ಹೇಳಿಕೊಟ್ಟಿತು.

ನಮ್ಮ ರಾಜ್ಯದಲ್ಲಿ ರೈತನ ಪರ ಅಂದರೆ ಮಾರುಕಟ್ಟೆಯ ವಿರುದ್ಧ ಅನ್ನುವ ಒಂದು ರೂಢಿ ಇದೆ. ಪ್ರೊಫೆಸರ್ ನಂಜುಂಡಸ್ವಾಮಿಯವರ ರೈತಸಂಘ 1992ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿದ್ದು, 1996ರಲ್ಲಿ ಕೆಂಟಕಿ ಚಿಕನ್ ಅಂಗಡಿಗೆ ನುಗ್ಗಿದ್ದು ಎಲ್ಲರಿಗೂ ನೆನಪಿದೆ. ಅದೇ ಹೊತ್ತಿನಲ್ಲಿ ಪಕ್ಕದ ಮಹಾರಾಷ್ಟ್ರದಲ್ಲಿ ಶರದ್ ಜೋಶಿಯವರ ಶೇತ್ಕರಿ ಸಂಘಟನೆ ಅದಕ್ಕೆ ಪೂರ್ತಿ ಉಲ್ಟಾ ಮಾತಾಡುತ್ತಿತ್ತು. ರೈತನಿಗೆ ದಯೆ ಬೇಡ, ಅವನ ಕೈಕಾಲಿಗೆ ಕಟ್ಟಿದ ಹಗ್ಗ ಬಿಚ್ಚಿ, ಎಲ್ಲಿ ಬೇಕೋ ಅಲ್ಲಿ ಮಾರೋಕೆ ಬಿಡಿ, ಬೇಕಾದ ತಂತ್ರಜ್ಞಾನ ಬಳಸೋಕೆ ಬಿಡಿ ಅಂತ. ಇಬ್ಬರೂ ಲಕ್ಷಗಟ್ಟಲೆ ರೈತರನ್ನು ಬೀದಿಗಿಳಿಸಿದವರು, ಇಬ್ಬರೂ ಪ್ರಾಮಾಣಿಕರು. ಹಸಿರು ಶಾಲಿನ ಸ್ವಾಭಿಮಾನ ನನಗೆ ಈಗಲೂ ಇಷ್ಟ. ಸಾಲ ವಸೂಲಿಗೆ ಬಂದವರು ಮನೆಯ ಪಾತ್ರೆ ಹೊತ್ತೊಯ್ಯೋದನ್ನು ತಡೆದ ಚಳವಳಿ ಅದು. ಆದರೆ ಬೀಜದ ಅಂಗಡಿ ಮುಚ್ಚಿಸಿದರೆ ಕಂಪನಿಗೆ ‘ಬೇಡ’ ಅನ್ನುವ ಅವಕಾಶವೂ ರೈತನ ಕೈ ತಪ್ಪುತ್ತದೆ, ಆ ‘ಬೇಡ’ವನ್ನು ಸಂಘವೇ ಅವನ ಪರವಾಗಿ ಹೇಳಿಬಿಟ್ಟಿರುತ್ತದೆ ಅಲ್ವಾ? ಅಲ್ಲಿ ನನಗೆ ಜೋಶಿಯವರೇ ಸರಿ ಅನ್ನಿಸುತ್ತಾರೆ.

ಇನ್ನು ಇನ್ನೊಂದು ಕಡೆಯವರು. ಮಾರುಕಟ್ಟೆಯ ಪರ ಇರೋದು ಬೇರೆ, ಸಾಹುಕಾರರ ಪರ ಇರೋದು ಬೇರೆ. ಇವೆರಡನ್ನೂ ಒಂದೇ ಅಂದುಕೊಂಡವರು ಎರಡೂ ಪಂಗಡದಲ್ಲಿದ್ದಾರೆ. ಬ್ರಿಟಿಷ್ ಇಂಡಿಯಾದಲ್ಲಿ 1859ರ ಒಂದು ಕಾಯ್ದೆ ಇತ್ತು. ಮುಂಗಡ ತೆಗೆದುಕೊಂಡ ಕೂಲಿಯಾಳು ಕೆಲಸ ಬಿಟ್ಟು ಹೋದರೆ ಮ್ಯಾಜಿಸ್ಟ್ರೇಟರು ಅವನನ್ನು ಜೈಲಿಗೆ ಕಳಿಸಬಹುದಿತ್ತು. ದಕ್ಷಿಣದ ಎಸ್ಟೇಟುಗಳ ದೊರೆಗಳು ಆ ಕಾಯ್ದೆಯನ್ನು ಚೆನ್ನಾಗಿ ಬಳಸಿಕೊಂಡರು. ಲಾಭಕ್ಕೆ ಕಾಫಿ ಬೆಳೆದ, ಲಂಡನ್ನಿಗೆ ಮಾರಿದ ಜನ ಅವರು, ಬಂಡವಾಳಿಗರು ಅನ್ನೋದರಲ್ಲಿ ಅನುಮಾನವೇ ಇಲ್ಲ. ಆದರೆ ಅವರ ತೋಟದಲ್ಲಿ ಕೂಲಿಯ ಮಾರುಕಟ್ಟೆ ಎಲ್ಲಿತ್ತು? ಒಬ್ಬನಿಗೆ ಬಿಟ್ಟು ಹೋಗುವ ಸ್ವಾತಂತ್ರ್ಯ ಇಲ್ಲದ ಕಡೆ ಸಂಬಳ ಅನ್ನೋದು ಸುಮ್ನೆ ಒಂದು ಹೆಸರು. ನಮ್ಮ ಜೀತವೂ ಅದೇ. ಅದನ್ನು ಕಾನೂನಿನಿಂದ ರದ್ದು ಮಾಡಿದ್ದು 1976ರಲ್ಲಿ, ನಾನು ಹುಟ್ಟುವ ಹತ್ತು ವರ್ಷ ಮೊದಲು ಅಷ್ಟೇ.

ನಾವೂ ಏನು ಕಮ್ಮಿ ಅಲ್ಲ. 2017ರಲ್ಲಿ ವಿಯೆಟ್ನಾಂ ಮೆಣಸು ಶ್ರೀಲಂಕಾ ದಾರಿಯಲ್ಲಿ ಒಳಗೆ ಬಂದು ಬೆಲೆ ಬಿದ್ದಾಗ, ಕೇಂದ್ರ ಸರ್ಕಾರ ಕೆಜಿಗೆ 500 ರೂಪಾಯಿಗಿಂತ ಕಮ್ಮಿ ಬೆಲೆಯ ಮೆಣಸು ಆಮದು ಮಾಡೋ ಹಾಗಿಲ್ಲ ಅಂತ ಆದೇಶ ಹೊರಡಿಸಿತು. ಊರಲ್ಲಿ ಸಂಭ್ರಮ. ಅಪ್ಪ ಫೋನ್ ಮಾಡಿ ಹೇಳಿದರು, ನನಗೂ ಖುಷಿಯಾಯಿತು. ಫೋನ್ ಇಟ್ಟ ಮೇಲೆ ನಾಚಿಕೆ ಆಯಿತು. ಮಾರುವಾಗ ನಮಗೆ ಸ್ವಾತಂತ್ರ್ಯ ಬೇಕು, ಕೊಳ್ಳುವವನ ಸುತ್ತ ಮಾತ್ರ ಬೇಲಿ ಇರಲಿ! ಸಾಲ ಮನ್ನಾ ಅರ್ಜಿಗೂ ನಮ್ಮ ಮನೆಯಿಂದ ಸಹಿ ಬಿದ್ದಿದೆ. ತತ್ವ ಅಂತ ಬಂದಾಗ ಎಂಟು ಎಕರೆಯವನೂ ಎಂಟುನೂರು ಎಕರೆಯವನೂ ಒಂದೇ ಥರ ಜಾರುತ್ತಾರೆ.

ಆದರೆ ನನ್ನನ್ನು ನಿಜಕ್ಕೂ ಕೂರಿಸಿ ಯೋಚಿಸುವ ಹಾಗೆ ಮಾಡಿದ್ದು ಕಳೆದ ಕುಯ್ಲಿನ ಒಂದು ಬೆಳಗ್ಗೆ. ರೋಬಸ್ಟಾಕ್ಕೆ ಯಾರೂ ಕಂಡು ಕೇಳದ ಬೆಲೆ ಬಂದ ಕಾಲ. 2024ರಲ್ಲಿ ಲಂಡನ್ ಮಾರುಕಟ್ಟೆಯಲ್ಲಿ ಟನ್ನಿಗೆ 5,000 ಡಾಲರ್ ದಾಟಿತ್ತು. ಅಪ್ಪನ ಫೋನಿನಲ್ಲಿ ಈಗ ಬೆಳಗ್ಗೆ ಏಳಕ್ಕೇ ವಾಟ್ಸಾಪ್‌ನಲ್ಲಿ ರೇಟು ಬರುತ್ತದೆ. ವ್ಯಾಪಾರಿ ಬಂದರೆ ಈಗ ಹಲ್ಲಿನಲ್ಲಿ ಕಚ್ಚೋದಿಲ್ಲ. ಚೀಲಕ್ಕೆ ಕೊಳವೆ ಚುಚ್ಚಿ ಸ್ಯಾಂಪಲ್ ತೆಗೆದು, ತೇವದ ಮೀಟರಿಗೆ ಹಾಕಿ, ಪುಟ್ಟ ಮಿಷನ್ನಿನಲ್ಲಿ ಸಿಪ್ಪೆ ತೆಗೆದು ಬೀಜ ತೂಗುತ್ತಾರೆ. ಹಣ್ಣನ್ನು ಸಿಪ್ಪೆ ಸಮೇತ ಒಣಗಿಸಿದ್ದು ಚೆರ್ರಿ. ಐವತ್ತು ಕೆಜಿ ಚೆರ್ರಿ ಚೀಲಕ್ಕೆ ಎಷ್ಟು ಕೆಜಿ ಬೀಜ ಬರುತ್ತೋ ಅದೇ ಓಟಿ, ಅಂದರೆ ಔಟ್‌ಟರ್ನ್. ಇಪ್ಪತ್ತಾರು ಅಂತ ಅವರು, ಇಪ್ಪತ್ತೇಳು ಅಂತ ಅಪ್ಪ. ಹಿಂದೆ ಒಬ್ಬ ವ್ಯಾಪಾರಿ ತೂಕದಲ್ಲಿ ಮೋಸ ಮಾಡಿದ ಮೇಲೆ ಅಪ್ಪ ತಮ್ಮದೇ ಒಂದು ತಕ್ಕಡಿ ಇಟ್ಟಿದ್ದಾರೆ. ಮಾರನೇ ವರ್ಷದಿಂದ ಆ ವ್ಯಾಪಾರಿಗೆ ನಮ್ಮ ಸುತ್ತಮುತ್ತ ಯಾರೂ ಕಾಫಿ ಕೊಡಲಿಲ್ಲ. ಪೂಲ್ ಇದ್ದಾಗ ಹೀಗೆ ಯಾರನ್ನು ಬಿಡೋಕಾಗ್ತಿತ್ತು?

ಆ ಬೆಳಗ್ಗೆ ಬಂದದ್ದು ವ್ಯಾಪಾರಿಯಲ್ಲ, ಕುಯ್ಲಿನವರು. ಒಂದು ಪಿಕಪ್ ಗಾಡಿ ಗೇಟಿನ ಹತ್ತಿರ ನಿಂತಿತು. ಹಿಂದೆ ಹದಿನೈದು ಜನ ಹೆಂಗಸರು. ಅವರ ಮುಂದಾಳು ಇಳಿದು ಬಂದರು. ಅವರನ್ನು ನಾನು ಚಿಕ್ಕವನಿದ್ದಾಗಿನಿಂದ ಬಲ್ಲೆ. ಅವರಮ್ಮ ಪಕ್ಕದ ಎಸ್ಟೇಟಿನವರು ಕೂಲಿಯಾಳುಗಳಿಗೆ ಸಾಲಾಗಿ ಕಟ್ಟಿಸಿದ ಲೈನ್ ಮನೆಯಲ್ಲಿದ್ದವರು, ನಮ್ಮಲ್ಲಿಗೂ ಕುಯ್ಲಿಗೆ ಬರುತ್ತಿದ್ದರು. ಎಸ್ಟೇಟಿನ ಮುಂಗಡ ಅಂತ ಒಂದು ಇರುತ್ತಿತ್ತು, ತೀರದ ಮುಂಗಡ. ಅದು ತೀರುವವರೆಗೆ ಬೇರೆ ತೋಟಕ್ಕೆ ಕಾಯಂ ಹೋಗುವ ಹಾಗಿಲ್ಲ. ಮಗಳಿಗೆ ಆ ಋಣ ಇಲ್ಲ. ಅವರ ಮಗನೇ ಆ ಪಿಕಪ್ ಓಡಿಸೋದು, ಕಂತು ಅವನೇ ಕಟ್ಟೋದು.

"ಅಣ್ಣ, ಈ ಸಲ ಕೆಜಿಗೆ ಆರು ರೂಪಾಯಿ" ಅಂದರು.

"ಹೋದ್ವರ್ಷ ನಾಲ್ಕೂವರೆ ಇತ್ತಲ್ಲಮ್ಮ" ಅಂದರು ಅಪ್ಪ.

"ಹೋದ್ವರ್ಷ ನಿಮ್ ಚೀಲಕ್ಕೆಷ್ಟಿತ್ತು ಅಣ್ಣ?"

ಅಪ್ಪ ಐದು ಅಂದರು. ಆಮೇಲೆ ತಾವೇ ಐದೂಕಾಲು ಅಂದರು. ಹಣ್ಣು ಉದುರೋಕೆ ಶುರುವಾಗಿದೆ ಅನ್ನೋದು ಇಬ್ಬರಿಗೂ ಗೊತ್ತಿತ್ತು. ಆಕೆ ಗಲಾಟೆ ಮಾಡಲಿಲ್ಲ, ಬೇಡಿಕೊಳ್ಳಲೂ ಇಲ್ಲ. "ಆಗಲ್ಲ ಅಣ್ಣ, ಆಚೆ ತೋಟದಲ್ಲಿ ಕರೀತಾವ್ರೆ" ಅಂತ ಹೇಳಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗಾಡಿಯ ಕಡೆ ನಡೆದರು.

ಅಪ್ಪನಿಗೆ ಕೋಪ ಬಂತು. "ದೌಲತ್ತು ನೋಡು ಇವ್ರಿಗೆ. ಸರ್ಕಾರ ಪುಕ್ಕಟೆ ಅಕ್ಕಿ ಕೊಟ್ಟು ಹಾಳು ಮಾಡಿದ್ದು" ಅಂದರು.

ಇದು ಮಲೆನಾಡಿನ ತೋಟದ ಮನೆಗಳಲ್ಲಿ ದಿನಾ ಕೇಳುವ ಮಾತು. ನಮ್ಮ ಮುಕ್ತ ಮಾರುಕಟ್ಟೆಯ ಗೆಳೆಯರೂ ಇದನ್ನೇ ಸ್ವಲ್ಪ ದೊಡ್ಡ ಪದಗಳಲ್ಲಿ ಹೇಳುತ್ತಾರೆ. ಇಲ್ಲಿ ನಾನು ಅವರ ಜೊತೆ ಇಲ್ಲ. 2013ರಲ್ಲಿ ಅನ್ನಭಾಗ್ಯ ಬಂದಾಗ ನಾನೂ ಟೀಕೆ ಮಾಡಿದವನೇ. ಆದರೆ ಯೋಚಿಸಿ ನೋಡಿ. ಒಪ್ಪಂದ ನ್ಯಾಯವಾಗಿರಬೇಕಾದರೆ ಇಬ್ಬರಿಗೂ ಎದ್ದು ಹೋಗುವ ತಾಕತ್ತಿರಬೇಕು. ಅಪ್ಪ 1997ರಲ್ಲಿ ‘ಕೊಡಲ್ಲ’ ಅಂದದ್ದು ಕಾನೂನು ಬದಲಾದದ್ದಕ್ಕೆ ಮಾತ್ರ ಅಲ್ಲ. ಒಳಗೆ ಪಣತದಲ್ಲಿ ವರ್ಷಕ್ಕಾಗುವಷ್ಟು ಭತ್ತ ಇತ್ತು. ಒಂದು ವಾರ ಕಾದರೆ ಯಾರೂ ಉಪವಾಸ ಬೀಳುತ್ತಿರಲಿಲ್ಲ. ನಾಳೆ ಬೆಳಗ್ಗೆ ಒಲೆ ಹಚ್ಚೋಕೆ ಏನೂ ಇಲ್ಲದವಳ ಬಾಯಿಂದ ‘ಆಗಲ್ಲ’ ಅನ್ನುವ ಮಾತು ಹೊರಡುತ್ತದಾ? ಅವಳ ಮನೆಯ ರೇಷನ್ ಅಕ್ಕಿ ನಮ್ಮ ಪಣತದ ಭತ್ತದ ಕೆಲಸವನ್ನೇ ಮಾಡುತ್ತಿದೆ. ರೇಷನ್ ಅಕ್ಕಿಯಿಂದ ಸ್ವಾತಂತ್ರ್ಯ ಹೆಚ್ಚಾಯಿತು ಅಂತ ಒಬ್ಬ ಮಾರುಕಟ್ಟೆವಾದಿ ಬರೆದರೆ ಎರಡೂ ಕಡೆಯವರು ಬೈತಾರೆ. ಬೈಯಲಿ.

ಅದಕ್ಕಿಂತ ಹೆಚ್ಚಾಗಿ ಆಕೆಯ ಮಾತಿಗೆ ಬಲ ಬಂದದ್ದು ಆ ಪಿಕಪ್ಪಿನಿಂದ, ರಸ್ತೆಯಿಂದ, ಆಚೆ ತೋಟದವನ ಫೋನಿನಿಂದ. ಕರೆಯುವವರು ಇಬ್ಬರಿದ್ದರೆ ಕೂಲಿ ಏರುತ್ತದೆ, ಮರ್ಯಾದೆಯೂ ಏರುತ್ತದೆ. ನಮ್ಮ ಮನೆಯಲ್ಲಿ ಒಂದು ಕಾಲಕ್ಕೆ ಹಿಂದಿನ ಜಗಲಿಯ ಗೂಡಿನಲ್ಲಿ ಬೇರೆ ಲೋಟಗಳಿದ್ದವು. ಆಕೆಯ ಅಮ್ಮ ಕುಡಿದು, ತಾವೇ ತೊಳೆದು, ಬೋರಲು ಹಾಕಿ ಹೋಗುತ್ತಿದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಲೋಟಗಳು ಹೋದದ್ದು ಮಾರುಕಟ್ಟೆಯಿಂದ ಅಂತ ಹೇಳಿದರೆ ಸುಳ್ಳಾಗುತ್ತದೆ. ಚಳವಳಿ, ಕಾನೂನು, ಅಂಬೇಡ್ಕರ್ ಫೋಟೋ ಹಿಡಿದು ಬಂದ ಹುಡುಗರು, ಕೊನೆಗೆ ಅಮ್ಮನ ಒಂದು ದಿನದ ಹಟ, ಎಲ್ಲ ಸೇರಿ ಹೋದವು. ಆದರೆ ಕುಯ್ಲಿಗೆ ಜನ ಸಿಗದ ವರ್ಷದಲ್ಲೇ ಅವು ಹೋದವು ಅನ್ನೋದೂ ನಿಜ.

ಗಾಡಿ ಸ್ಟಾರ್ಟ್ ಆಯಿತು. ನಾನು ಅಪ್ಪನಿಗೆ ಮೆಲ್ಲಗೆ ಹೇಳಿದೆ, "ನೀವೂ ಹಿಂಗೇ ಅಂದಿದ್ರಿ ಅಲ್ವಾ ಅಪ್ಪ, ಆ ಜೀಪಿನವ್ರಿಗೆ."

ಅಪ್ಪ ನನ್ನ ಮುಖ ನೋಡಲಿಲ್ಲ. ಗಿಡದ ಬುಡದಲ್ಲಿ ಉದುರಿದ್ದ ಎರಡು ಹಣ್ಣು ಬಗ್ಗಿ ಆರಿಸಿಕೊಂಡರು, ಅಂಗೈಯಲ್ಲಿ ಇಟ್ಟುಕೊಂಡು ಸ್ವಲ್ಪ ಹೊತ್ತು ನಿಂತರು. ಆಮೇಲೆ ಗೇಟಿನ ಕಡೆ ತಿರುಗಿ, ಕೈಯೆತ್ತಿ, "ಏ ನಿಲ್ಲಮ್ಮ, ಐದೂ ಮುಕ್ಕಾಲು!" ಅಂತ ಕೂಗಿದರು.

ಪಿಕಪ್ ನಿಂತಿತು. ಆಕೆ ಇಳಿಯಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ, "ಬೆಳಗ್ಗೆ ಕಾಫಿ ತಿಂಡಿ ನಿಮ್ದೇ ಅಣ್ಣ" ಅಂದರು.